ಕೆಂಪು ದಾರದ ವಾಗ್ದಾನ

ನಮ್ಮ ಕ್ರೈಸ್ತ ಸಭೆಯಲ್ಲಿ ‘ದೇವರ ಚಿತ್ತ’ ಎಂಬ ಮಾತನ್ನು ಹೇಳುವುದಕ್ಕೆ ಹನ್ನೊಂದು ಬಗೆಗಳಿದ್ದವು. ಹನ್ನೊಂದನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಪಾದ್ರಿ ಅಯ್ಯನವರು ಹೇಳಿದರೆ ‘ದೇವರ’ ಎನ್ನುವಾಗ ಚಾವಣಿ ನೋಡುತ್ತಿದ್ದರು, ‘ಚಿತ್ತ’ ಎನ್ನುವಾಗ ಕೈಗಡಿಯಾರ. ಸಭೆಯ ಕಾರ್ಯದರ್ಶಿಗಳ ಬಾಯಿಂದ ಬಂದರೆ ಆ ಕೆಲಸ ಈ ವರ್ಷ ಆಗುವುದಿಲ್ಲ ಎಂದು ತಿಳಿಯಬೇಕು. ಅಪ್ಪ ಹೇಳಿದರೆ ಇನ್ನು ಆ ಮಾತು ತೆಗೆಯಬೇಡ ಎಂದು. ಅವ್ವ ಮಾತ್ರ ಅದನ್ನು ನಿಟ್ಟುಸಿರಿನೊಳಗೆ ಸುತ್ತಿ ಬಿಡುತ್ತಿದ್ದಳು. ಉಸಿರು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ಎಂದು ಹೇಳಲು ಬರುತ್ತಿರಲಿಲ್ಲ.

ಉಳಿದ ಏಳು ಬಗೆಗಳು ಸಭೆಯ ಹಿರಿಯರವು. ಅವರು ಅದನ್ನು ಹೆಚ್ಚಾಗಿ ನನಗೇ ಹೇಳುತ್ತಿದ್ದರು. ಆಗ ನನಗೆ ಇಪ್ಪತ್ತಮೂರು, ನೌಕರಿ ಇರಲಿಲ್ಲ. ಹೈದರಾಬಾದಿನಲ್ಲಿ ಕಂಪ್ಯೂಟರಿನ ಮುಂದೆ ಅರ್ಧ ತಾಸು ಕುಳಿತವನಿಗೂ ಯಾರಾದರೂ ಕರೆದು ನೌಕರಿ ಕೊಡುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಖಾಲಿ ಕೂರುವುದಕ್ಕೆ ವಿಶೇಷ ಪ್ರತಿಭೆ ಬೇಕು. ನನಗಿತ್ತು.

ನಾವು ಬೀದರ ಕಡೆಯವರು, ಮೆಹದಿಪಟ್ಟಣದ ಒಂದು ಸಂದಿಯಲ್ಲಿ ಮನೆ. ಅಪ್ಪ ಮೇಸ್ತ್ರಿ. ಊರಿನ ಪಡುವಣ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರಲ್ಲ, ಅಲ್ಲಿ ಅವನಿಗೆ ಕೈತುಂಬ ಕೆಲಸ. ಗಾಜು ಕೂರಿಸುವ ತನಕ ಆ ಕಟ್ಟಡದೊಳಗೆ ಅಪ್ಪ ಬೀಡಿ ಸೇದುತ್ತ ಎಲ್ಲಿ ಬೇಕಾದರೂ ಓಡಾಡಬಹುದು. ಗಾಜು ಕೂರಿಸಿದ ಮರುದಿನ ಗೇಟಿನವನು ‘ಯಾರು ಬೇಕು?’ ಎಂದು ಕೇಳುತ್ತಿದ್ದ. ಗಾಜು ಕೂರಿಸಿದ ಮೇಲೂ ಒಳಗೆ ಹೋಗುವವನು ಮನೆಯಲ್ಲಿ ಒಬ್ಬನಾದರೂ ಇರಲಿ ಎಂದು ಅಪ್ಪ ನನ್ನನ್ನು ಅಮೀರಪೇಟೆಯ ಕೋಚಿಂಗಿಗೆ ಹಾಕಿದ್ದ. ಆರು ತಿಂಗಳು ಕಲಿತೆ. ಕಂಪ್ಯೂಟರ್ ಭಾಷೆ ತಲೆಗೆ ಹತ್ತಲಿಲ್ಲ. ಕಲಿಸುವ ಮೇಷ್ಟ್ರು ಮಾತಾಡುವ ರೀತಿ ಮಾತ್ರ ಪೂರ್ತಿ ಬಂತು.

ನಮ್ಮ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಹಿಮಾಯತ್‌ನಗರದ ಹಿಂದಿನ ಬೀದಿಯ ಒಂದು ತೆಲುಗು ಚರ್ಚಿನಲ್ಲಿ ಎಂಟಕ್ಕೆ ತೆಲುಗು ಆರಾಧನೆ, ಹತ್ತೂವರೆಗೆ ನಮ್ಮ ಕನ್ನಡದ್ದು. ತೆಲುಗಿನವರು ಹತ್ತೂವರೆಗೆ ಮುಗಿಸಿದ್ದನ್ನು ನಾನು ಕಂಡಿಲ್ಲ. ನಾವು ಅಂಗಳದ ಬೇವಿನ ಮರದ ಕೆಳಗೆ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಬಿಸಿಲು ಸರಿದಂತೆ ನಾವೂ ಸರಿಯುತ್ತ ನಿಂತಿರುತ್ತಿದ್ದೆವು. ತಾಳ್ಮೆಯ ಮೇಲಿನ ಉಪದೇಶ ನಮಗೆ ಒಳಗೆ ಹೋಗುವ ಮುಂಚೆಯೇ ಮುಗಿದಿರುತ್ತಿತ್ತು.

ಆ ಮರದ ಕೆಳಗೇ ನನ್ನ ಅಕ್ಕನ ಮಾತು ಶುರುವಾದದ್ದು.

ಅಕ್ಕನಿಗೆ ಮೂವತ್ತೊಂದು. ಮನೆಯ ಹತ್ತಿರದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಳು. ಮೂವತ್ತು ದಾಟಿದ ಹುಡುಗಿಯ ವಿಷಯದಲ್ಲಿ ನಮ್ಮ ಜನ ಎಷ್ಟು ಪ್ರಾರ್ಥನೆ ಮಾಡುತ್ತಾರೆಂದರೆ, ಪ್ರಾರ್ಥನೆ ಕೇಳಿ ಕೇಳಿಯೇ ಆಕೆ ಇನ್ನೂ ಒಂದು ವರ್ಷ ಮುದುಕಿಯಾಗುತ್ತಾಳೆ. ಹುಡುಗ ನಮ್ಮ ಸಭೆಯವನೇ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್. ಭಾನುವಾರದ ಬಿಳಿ ಅಂಗಿಯಿಂದಲೂ ಕೆಮ್ಮಿನ ಔಷಧದ ವಾಸನೆ ಬರುತ್ತಿತ್ತು. ಒಳ್ಳೆಯವನು, ಆದರೆ ಬಾಯಿ ತೆಗೆಯುವ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳಬೇಕು: ಮೊದಲನೆಯದು ಸಣ್ಣದು, ಎರಡನೆಯದು ಉದ್ದ, ಮೂರನೆಯದು ಬಾಗಿಲು ತಟ್ಟಿದ ಹಾಗೆ. ‘ಹ್ಞಂ. ಹ್ಞ್ಹಂಂ. ಹಂ.’ ಅಷ್ಟು ಆಗುವುದರೊಳಗೆ ಎದುರಿಗಿದ್ದವರು ಬೇರೆ ಮಾತಿಗೆ ಹೋಗಿರುತ್ತಿದ್ದರು, ಪಾಪ ಅವನು ಮತ್ತೆ ಮೊದಲಿನಿಂದ ಶುರುಮಾಡಬೇಕು.

ನನ್ನ ಸರಕಿನಲ್ಲಿ ಅದೇ ಉತ್ತಮವಾದದ್ದು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಒಮ್ಮೆ ಮಾಡಿದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ತಿರುಗಿ, ಸೆರಗು ಸರಿಮಾಡಿಕೊಂಡು, ನನ್ನನ್ನು ಕಂಡು ಹಿಟ್ಟಿನ ಕೈಯಿಂದಲೇ ಹೊಡೆದಳು. ಆ ಸೆರಗು ಸರಿಮಾಡಿಕೊಂಡದ್ದರಲ್ಲಿ ನನಗೆ ಎಲ್ಲಾ ಗೊತ್ತಾಯಿತು. ಚರ್ಚಿನಲ್ಲಿ ಹೆಂಗಸರ ಕಡೆಯ ಮೂರನೇ ಬೆಂಚಿನ ಮೇಲಿನ ಫ್ಯಾನು ಕೆಟ್ಟು ವರ್ಷವಾಗಿತ್ತು. ಅಲ್ಲಿ ಯಾರೂ ಕೂರುತ್ತಿರಲಿಲ್ಲ, ಅಕ್ಕ ಒಬ್ಬಳನ್ನು ಬಿಟ್ಟು. ಕೆಮಿಸ್ಟ್ ಕೂರುವ ಜಾಗ ಕಾಣುವುದು ಅಲ್ಲಿಂದ ಮಾತ್ರ.

ಕ್ರಿಸ್‌ಮಸ್ಸಿಗೆ ಅವನೂ ಅವನ ತಾಯಿಯೂ ನಮ್ಮ ಮನೆಗೆ ಬಂದರು. ತಾಯಿ ವಿಧವೆ, ಸಭೆಯ ಮಹಿಳಾ ಸಂಘದ ಮುಂದಾಳು, ಮಗನ ಪಾಲಿನ ಮಾತನ್ನೂ ತಾವೇ ಆಡಿ ಅಭ್ಯಾಸವಾದವರು. ಕರ್ಚಿಕಾಯಿ ತಿಂದು, ಕೈ ಒರೆಸಿಕೊಂಡು ಅಂದರು: “ಹುಡುಗಿ ನಮಗ ಒಪ್ಪಿಗಿ ಐತ್ರಿ ಅಕ್ಕಾರ. ಆದ್ರ ನಾವು ದೇವರನ್ನ ಕೇಳಲಾರದ ಒಂದು ಹೆಜ್ಜಿ ಇಡಂಗಿಲ್ಲ. ಹೊಸ ವರ್ಷದ ವಾಗ್ದಾನ ಬರ್ಲಿ. ಅವ ಏನ್ ಹೇಳ್ತಾನ ನೋಡೋಣು.”

ಕೆಮಿಸ್ಟ್ “ಹ್ಞಂ” ಎಂದ. ಎರಡನೆಯದಕ್ಕೆ ಹೋಗುವುದರೊಳಗೆ ಅವ್ವ “ಹೌದ್ರಿ, ದೇವರ ಚಿತ್ತ” ಎಂದುಬಿಟ್ಟಳು. ಒಳಗೆ ಅಕ್ಕ ಚಹಾ ಉಕ್ಕಿಸಿದಳು.

ವಾಗ್ದಾನದ ಪದ್ಧತಿ ಹೀಗೆ. ಹೊಸ ವರ್ಷದ ದಿನ ಬೆಳಗಿನ ಆರಾಧನೆ ಮುಗಿದ ಮೇಲೆ ಅಯ್ಯನವರು ಒಂದು ಹಿತ್ತಾಳೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಅದರ ತುಂಬ ಸುರುಳಿ ಸುತ್ತಿ ಕೆಂಪು ದಾರ ಕಟ್ಟಿದ ಚಿಕ್ಕ ಕಾರ್ಡುಗಳು, ಒಂದೊಂದರಲ್ಲಿ ಒಂದೊಂದು ವೇದವಚನ. ಎಲ್ಲರೂ ಸಾಲಾಗಿ ಬಂದು, ಕಣ್ಣು ಮುಚ್ಚಿ ಒಂದು ಎತ್ತಿಕೊಳ್ಳಬೇಕು. ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು ಅದು. ಹಿಂದೊಂದು ವರ್ಷ ಒಬ್ಬಾಕೆಗೆ ಸಮೃದ್ಧಿಯ ವಚನ ಬಂದು, ಪಕ್ಕದಾಕೆಗೆ ಸಂಕಟದಲ್ಲಿ ಸ್ಥಿರವಾಗಿರುವ ವಚನ ಬಂತು. ಪಕ್ಕದಾಕೆ ಬೆಂಚಿನ ಕೆಳಗೆ ಕೈಚಾಚಿ, “ನಿನಗ ಹೆಂಗಿದ್ರೂ ಪ್ಲಾಟ್ ಐತಿ, ಮನಿ ಐತಿ. ಇದು ನನಗ ಕೊಡು, ನಂದು ನೀ ತಗೋ ಯವ್ವಾ” ಎಂದಳಂತೆ. ಆಕೆ ಕೊಡಲಿಲ್ಲ. ಎರಡು ಮನೆಗಳು ಈಸ್ಟರ್ ತನಕ ಮಾತು ಬಿಟ್ಟವು. ಅಂದಿನಿಂದ ಅಯ್ಯನವರು ಕಟ್ಟಪ್ಪಣೆ ಮಾಡಿದ್ದರು: ಅವರವರ ವಾಗ್ದಾನ ಅವರವರ ವೇದಪುಸ್ತಕದಲ್ಲಿ. ವರ್ಷದ ಕೊನೆಯ ಭಾನುವಾರ ಎದ್ದು ನಿಂತು, ಅದು ಹೇಗೆ ನೆರವೇರಿತೆಂದು ಸಾಕ್ಷಿ ಹೇಳುವ ತನಕ ಯಾರಿಗೂ ತೋರಿಸುವಂತಿಲ್ಲ.

ಆ ವರ್ಷ ಕಾರ್ಡು ಮಾಡಿಸುವ ಕೆಲಸ ನನಗೆ ಬಂತು. ಅಪ್ಪ ಮರದ ಕೆಳಗೆ, “ನಮ್ಮ ಹುಡುಗ ಕಂಪ್ಯೂಟರ್ ಕಲ್ತಾನ್ರಿ” ಎಂದು ಹೇಳಿಬಿಟ್ಟಿದ್ದ. ಅಯ್ಯನವರು ನೂರಿಪ್ಪತ್ತು ವಚನಗಳನ್ನು ಕೈಯಲ್ಲಿ ಬರೆದು ಕೊಟ್ಟರು. “ಒಂದು ಮಾತು ತಮ್ಮಾ. ಛಾಪಿಸಿ ತಂದ ಮ್ಯಾಲ ಕಾರ್ಡಿನ ಒಳಗಡೆ ಕಣ್ಣು ಹಾಯಿಸಬ್ಯಾಡ. ಇಂಥಾದ್ದು ಇಲ್ಲಿ ಐತಿ ಅಂತ ಗೊತ್ತಾತಂದ್ರ ಕೈ ತಾನ ಅಲ್ಲಿಗೆ ಹೋಗ್ತದ. ಅದು ದೇವರ ಕೈ ಹಿಡಿದು ಎಳದಂಗ.”

ಚರ್ಚಿನ ಹತ್ತಿರ ಒಂದು ಡಿಟಿಪಿ ಅಂಗಡಿ ಇತ್ತು. ಅಂಗಡಿಯ ಭಾಯ್ ಹಳೇ ಹೈದರಾಬಾದಿನವರು, ಉರ್ದು ಬಿಟ್ಟರೆ ಬೇರೆ ಓದು ಬರುತ್ತಿರಲಿಲ್ಲ. ಕನ್ನಡವೆಂದರೆ ಕೈಬರಹ ಕೆಟ್ಟ ತೆಲುಗು ಎಂದು ತಿಳಿದಿದ್ದರು. ಟೈಪು ಮಾಡಲು ನಾನೇ ಕುಳಿತೆ. ಒಂದು ಹಾಳೆಗೆ ಎಂಟು ಕಾರ್ಡು. ಅಕ್ಷರ ಚೌಕಟ್ಟಿನಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ನೋಡಲು, ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದವಾದ ವಚನವನ್ನು ಎಂಟೂ ಮನೆಗಳಲ್ಲಿ ಹಾಕಿ ಪರೀಕ್ಷೆ ಮಾಡಿದೆ. ಎಲ್ಲಕ್ಕಿಂತ ಉದ್ದದ್ದು ಯಾವುದು? ಕರ್ತನಿಗಾಗಿ ತಾಳ್ಮೆಯಿಂದ ಕಾದಿರು, ಎದೆಗುಂದಬೇಡ ಎಂದು ಹೇಳುವ ವಚನ. ಕಾಯುವ ವಚನ ಉದ್ದವಿರುವುದು ಸಹಜವೇ. ಹಿಡಿಯಿತು. ಆಮೇಲೆ ಎರಡು ದಿನ ಕುಳಿತು ನೂರಿಪ್ಪತ್ತನ್ನೂ ಹದಿನೈದು ಹಾಳೆಗಳಲ್ಲಿ ಹೊಡೆದು, ಪರೀಕ್ಷೆಯ ಹಾಳೆಯನ್ನು ಅಳಿಸದೆ ಎಲ್ಲಕ್ಕೂ ಮೊದಲಿಗೇ ಬಿಟ್ಟು, ಭಾಯ್‌ಗೆ “ಹದಿನೈದು ಹಾಳೆ, ಛಾಪ್ ದೋ” ಎಂದು ಹೇಳಿ ಎದ್ದೆ. ಅಳಿಸಬೇಕಿತ್ತು. ಆದರೆ ಆ ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿಯೊಬ್ಬರ ನಡಿಗೆಯನ್ನು ಭಾಯ್‌ಗೆ ಮಾಡಿ ತೋರಿಸುವುದು ಹೆಚ್ಚು ಅರ್ಜೆಂಟಾಗಿತ್ತು.

ಕತ್ತರಿಸಿದ ಕಾರ್ಡುಗಳ ಕಟ್ಟು ಬಂತು. ಹೊರಮೈಗೆ ಕುರಿಮರಿಯ ಚಿತ್ರ. ಒಂದೊಂದನ್ನೇ ಅಕ್ಷರದ ಮೈ ಕೆಳಗೆ ಮಾಡಿ ಹಿಡಿದು, ಸುತ್ತಿ, ದಾರ ಕಟ್ಟಿದೆ. ಒಂದನ್ನೂ ಓದಲಿಲ್ಲ. ಹುಟ್ಟಿದಾಗಿನಿಂದ ಹಿರಿಯರು ಹೇಳಿದ ಮಾತನ್ನು ನಾನು ಪೂರ್ತಿಯಾಗಿ ಪಾಲಿಸಿದ್ದು ಅದೊಂದೇ ಸಲ.

ಹೊಸ ವರ್ಷದ ದಿನ ನಾನೂ ಕಣ್ಣು ಮುಚ್ಚಿ ಒಂದು ಎತ್ತಿಕೊಂಡೆ. ಬೇವಿನ ಮರದ ಹಿಂದೆ ಹೋಗಿ ಬಿಚ್ಚಿದೆ. ಕಾದಿರು. ನನಗೆ ಸಿಟ್ಟೇ ಬಂತು. ಅದೇ ವಾರ ಒಂದು ಕಾಲ್ ಸೆಂಟರಿನವರು ನನ್ನ ಅಮೆರಿಕದ ದನಿ ಕೇಳಿ ಮೆಚ್ಚಿ, ಬರುತ್ತೀಯೋ ಇಲ್ಲವೋ ಹೇಳು ಎಂದಿದ್ದರು. ಅಪ್ಪ ರಾತ್ರಿ ಪಾಳಿ ಬೇಡವೆನ್ನುತ್ತಿದ್ದ. ದೇವರು ಅಪ್ಪನ ಕಡೆಗೆ ಸೇರಿಕೊಂಡನಲ್ಲಾ ಎಂದುಕೊಂಡು, ಆಗಲಿ, ಕಾಯುತ್ತೇನೆ ಎಂದು ಸುಮ್ಮನಾದೆ. ಅಮೆರಿಕ ನನಗಾಗಿ ಕಾಯಲಿಲ್ಲ. ಹದಿನೈದು ದಿನದಲ್ಲಿ ಬೇರೆಯವನನ್ನು ತೆಗೆದುಕೊಂಡಿತು.

ಆಮೇಲೆ ಸಭೆಯಲ್ಲಿ ಒಂದು ವಿಚಿತ್ರವಾದ ಶಾಂತಿ ನೆಲೆಸಿತು. ಜನವರಿಯಲ್ಲಿ ಕುರ್ಚಿ ಬಿಡುತ್ತೇನೆಂದು ಸಾರಿದ್ದ ಕಾರ್ಯದರ್ಶಿಗಳು ಮುಗುಳ್ನಗುತ್ತ ಕುರ್ಚಿಯಲ್ಲೇ ಉಳಿದರು. ಫ್ಯಾನು ರಿಪೇರಿ ಮಾಡಿಸುವ ಹೊಣೆ ಹೊತ್ತಿದ್ದವರು ಫ್ಯಾನನ್ನು ಕರುಣೆಯಿಂದ ನೋಡಿ ಮುಂದೆ ಹೋಗುತ್ತಿದ್ದರು. ಹಾಡಿನ ತಂಡದವರು ಹೊಸ ಹಾಡಿನ ಅಭ್ಯಾಸ ನಿಲ್ಲಿಸಿ ಹಳೆಯ ನಾಲ್ಕನ್ನೇ ಇನ್ನೂ ನಿಧಾನವಾಗಿ ಹಾಡತೊಡಗಿದರು. ನಮ್ಮವ್ವನಿಗೆ ದವಡೆ ಹಲ್ಲು ನೋವು. ಕೆನ್ನೆ ಬನ್ನಿನ ಹಾಗೆ ಊದಿದ್ದರೂ ಡಾಕ್ಟರ ಹತ್ತಿರ ಹೋಗಲೊಲ್ಲಳು. “ಯಾಕವ್ವಾ?” ಎಂದರೆ, ಊದದ ಅರ್ಧ ಬಾಯಿಂದ, “ನನಗ ಗೊತ್ತೈತಿ ಯಾಕಂತ” ಎನ್ನುವಳು. ಅದನ್ನೂ ಕಲಿತೆ. ಇಡೀ ಸಭೆ ಒಟ್ಟಿಗೆ ಸಂತರಾಗಿಬಿಟ್ಟರಲ್ಲ, ತಮಾಷೆ ಮಾಡಲು ಹೊಸದೇನೂ ಸಿಗುತ್ತಿಲ್ಲವಲ್ಲ ಎಂದು ನನಗೆ ಬೇಜಾರು.

ಅಕ್ಕನ ಮಾತು ಮಾತ್ರ ನಿಂತಲ್ಲೇ ನಿಂತಿತು. ಕೆಮಿಸ್ಟನ ತಾಯಿ ಮರದ ಕೆಳಗೆ ಸಿಕ್ಕರೆ ಅವ್ವನ ಕೈ ಹಿಡಿದು ಅರ್ಥಪೂರ್ಣವಾಗಿ ಒತ್ತುವರು. ಅವ್ವ ಅಷ್ಟೇ ಅರ್ಥಪೂರ್ಣವಾಗಿ ತಿರುಗಿ ಒತ್ತುವಳು. ಇಬ್ಬರೂ ಒಂದಕ್ಷರ ಆಡುತ್ತಿರಲಿಲ್ಲ. ಹೀಗೆ ಜನವರಿಯಿಂದ ಮೇ ತನಕ ಬರೀ ಕೈ ಒತ್ತಾಟ.

ಮೇ ತಿಂಗಳಲ್ಲಿ ಸುದ್ದಿ ಬಂತು. ಕಾರ್ಖಾನೆಯವರು ಹಿಮಾಚಲದ ಕಡೆ ಹೊಸ ಘಟಕ ತೆರೆಯುತ್ತಿದ್ದಾರೆ, ಕೆಮಿಸ್ಟನನ್ನು ಅಲ್ಲಿಗೆ ಹಾಕಿದ್ದಾರೆ, ಮೂರು ವರ್ಷದ ಕರಾರು. ಒಂದು ಫಾರಂ ತುಂಬಿ ಕೊಡಬೇಕಂತೆ. ಒಬ್ಬನೇ ಬರುವವನಾದರೆ ನಾಲ್ಕು ಜನರ ಕೋಣೆಯಲ್ಲಿ ಮಂಚ, ಹೆಂಡತಿಯೂ ಬರುವುದಾದರೆ ಎರಡು ಕೋಣೆಯ ಮನೆ. ತಿಂಗಳ ಕೊನೆಯ ಸೋಮವಾರದೊಳಗೆ ಫಾರಂನಲ್ಲಿ ಒಬ್ಬರೋ ಇಬ್ಬರೋ ಬರೆದಿರಬೇಕು. ಆಮೇಲೆ ಬದಲಾಯಿಸುವಂತಿಲ್ಲ.

ಮೂರು ವರ್ಷ ಎಂದರೆ ಅಕ್ಕನಿಗೆ ಮೂವತ್ತನಾಲ್ಕು. ಅವಳು ಶನಿವಾರ ಸಂಜೆ ಎಂದಿನಂತೆ ಸೀರೆಗೆ ಇಸ್ತ್ರಿ ಹಾಕಿದಳು. ಅವಳನ್ನು ನಗಿಸೋಣವೆಂದು ಬಾಗಿಲ ಹಿಂದೆ ನಿಂತು ‘ಹ್ಞಂ’ ಎಂದೆ. ಅವಳು ತಿರುಗಲಿಲ್ಲ. ಇಸ್ತ್ರಿಪೆಟ್ಟಿಗೆ ಮಾತ್ರ ಒಂದೇ ಕಡೆ ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಎತ್ತಿದಳು. ಎರಡನೆಯದೂ ಮೂರನೆಯದೂ ನನ್ನ ಗಂಟಲಲ್ಲೇ ಉಳಿದವು.

ಮುಂದಿನ ವಾರ ನನ್ನ ಬಯೋಡಾಟಾ ಟೈಪು ಮಾಡಲು ಅದೇ ಡಿಟಿಪಿ ಅಂಗಡಿಗೆ ಹೋದೆ. ಕಾದಿರು ಎಂದು ದೇವರೇ ಹೇಳಿದ್ದರೂ ಒಂದು ಬಯೋಡಾಟಾ ಇಟ್ಟುಕೊಂಡು ಕಾಯುವುದರಲ್ಲಿ ತಪ್ಪೇನು? ಭಾಯ್ ನನಗೆ ಮೆಣಸಿನಕಾಯಿ ಬಜ್ಜಿ ಕೊಟ್ಟರು, ಹಳೆಯ ರದ್ದಿ ಹಾಳೆಯ ಮೇಲಿಟ್ಟು. ತಿನ್ನುತ್ತ ತಿನ್ನುತ್ತ ಎಣ್ಣೆಯ ಕಲೆಯೊಳಗಿಂದ ಅಕ್ಷರ ಕಂಡವು. ಕಾದಿರು. ಅದರ ಪಕ್ಕದಲ್ಲಿ ಕಾದಿರು. ಅದರ ಕೆಳಗೂ ಕಾದಿರು. ಎಂಟು ಸಲ.

“ಭಾಯ್, ಇದು ಪರೀಕ್ಷೆ ಹಾಳೆ ಅಲ್ಲವಾ? ಕಾರ್ಡಿಗೆ ಯಾವುದು ಛಾಪಿಸಿದಿರಿ?” ಎಂದು ಅವರ ಉರ್ದುವಿನಲ್ಲೇ ಕೇಳಿದೆ.

“ವಹೀಚ್ ತೋ ಛಾಪಾ ಮಿಯಾ!” ಎಂದರು ಹೆಮ್ಮೆಯಿಂದ. ಅದನ್ನೇ ಹದಿನೈದು ಸಲ ಓಡಿಸಿದ್ದರು. ಹದಿನೈದು ಹಾಳೆ ಎಂದು ನಾನು ಹೇಳಿದ್ದೆ, ಮೊದಲ ಹಾಳೆ ಎದುರಿಗೇ ಇತ್ತು, ಅಷ್ಟೇ. “ಏನಾದರೂ ಗಲತಿ ಆಯಿತೇ?” ಎಂದರು.

ಬಜ್ಜಿ ಕೆಳಗಿಟ್ಟೆ. ಕಾರ್ಯದರ್ಶಿಗಳ ಮುಗುಳ್ನಗೆ, ಫ್ಯಾನು, ಅವ್ವನ ಕೆನ್ನೆ, ಮರದ ಕೆಳಗಿನ ಕೈ ಒತ್ತಾಟ, ಎಲ್ಲಾ ಒಟ್ಟಿಗೆ ಕಣ್ಣ ಮುಂದೆ ಬಂದವು. ಇಷ್ಟು ದಿನ ನಾನು ಜನರ ದನಿ ಮಾತ್ರ ಅನುಕರಿಸುತ್ತೇನೆಂದು ತಿಳಿದಿದ್ದೆ. ಐದು ತಿಂಗಳಿಂದ ದೇವರದ್ದೂ ನಡೆದಿತ್ತು, ಅದೂ ನನಗೇ ತಿಳಿಯದ ಹಾಗೆ.

ನೇರವಾಗಿ ಅಯ್ಯನವರ ಹತ್ತಿರ ಹೋದೆ. ಅವರು ನಿಲುವಂಗಿಗೆ ಗುಂಡಿ ಹೊಲಿಯುತ್ತ ಕುಳಿತಿದ್ದರು. ನಾನು ಹೇಳಿ ಮುಗಿಸುವ ತನಕ ಸೂಜಿ ನಿಲ್ಲಲಿಲ್ಲ. ಆಮೇಲೆ ಎದ್ದು, ತಮ್ಮ ವೇದಪುಸ್ತಕದಿಂದ ಒಂದು ಸುರುಳಿ ತೆಗೆದು ನೋಡಿ, ಮತ್ತೆ ಒಳಗಿಟ್ಟರು. ಅವರಿಗೂ ಅದೇ.

“ನಾ ವರ್ಗಾ ಕೇಳಬೇಕಂತಿದ್ದೆ,” ಎಂದರು. “ಇದು ನೋಡಿ ಬಿಟ್ಟೆ.” ಪುಸ್ತಕ ಮುಚ್ಚಿ, “ತಪ್ಪು ನಿಂದು ತಮ್ಮಾ. ವಚನ ನಿಂದಲ್ಲ. ಅದು ನೀ ಛಾಪಿಸೂದಕ್ಕಿಂತ ಮೊದಲೂ ಖರೇನ ಇತ್ತು” ಎಂದರು. ಆ ಮಾತು ನನ್ನ ಎದೆಗೆ ತಾಗಿತು. ಆದರೆ ಮರುಕ್ಷಣವೇ ಅವರು ಕೈಗಡಿಯಾರ ನೋಡಿದರು. “ಈಗ ಮಂದಿಗೆ ಹೇಳಬ್ಯಾಡ. ವಿಶ್ವಾಸ ಅಲುಗಾಡ್ತದ. ಪೆಂಟೆಕೋಸ್ತ ಹಬ್ಬ ಮುಗೀಲಿ. ಸ್ವಲ್ಪ ಕಾಯೋಣು.”

“ಅಯ್ಯನೋರ, ಸೋಮವಾರ ಫಾರಂ ಕೊಡಬೇಕ್ರಿ ಅವರು. ಅಕ್ಕನ…”

“ದೇವರ ಚಿತ್ತ ಇದ್ರ ಸೋಮವಾರ ಏನು, ಮಂಗಳವಾರ ಏನು?” ಎಂದು ಚಾವಣಿ ನೋಡಿದರು.

ಕಾಯುವುದನ್ನು ನಿಲ್ಲಿಸಲು ಸಹ ಕಾಯಬೇಕು ಎಂದರೆ ನಾನು ಯಾರಿಗೆ ಹೇಳಲಿ?

ಭಾನುವಾರ ಬಂತು. ಸಾಕ್ಷಿಯ ಹೊತ್ತಿಗೆ ಅಯ್ಯನವರು “ಯಾರಿಗಾದರೂ ಕರ್ತನ ಉಪಕಾರ ಹೇಳೂದೈತೇನು?” ಎಂದರು. ನಾನು ಎದ್ದು ನಿಂತೆ. ಹುಡುಗನಿಗೆ ನೌಕರಿ ಸಿಕ್ಕಿತೆಂದು ತಿಳಿದು ಮುಂದಿನ ಬೆಂಚಿನವರು ಆಗಲೇ “ಸ್ತೋತ್ರ!” ಎಂದರು. ಅಪ್ಪ ಎದೆ ಉಬ್ಬಿಸಿದ.

ಡಿಟಿಪಿ ಅಂಗಡಿ, ಪರೀಕ್ಷೆಯ ಹಾಳೆ, ಎಲ್ಲಾ ಹೇಳಿದೆ. ಹೇಳಿ ಮುಗಿದಾಗ ಹಿಂದಿನ ಬೆಂಚಿನಿಂದ ಒಬ್ಬರು ಕಿಸಕ್ಕೆಂದು ನಕ್ಕರು. ಕಾರ್ಯದರ್ಶಿಗಳು, “ಸಾಕು ಕುಂದರಪಾ. ದೇವರ ಮನ್ಯಾಗೂ ನಿನ್ನ ನಕಲಿ ಶುರು ಮಾಡಿದೇನು?” ಎಂದರು. ವರ್ಷಗಟ್ಟಲೆ ಎಲ್ಲರನ್ನೂ ಅಣಕಿಸಿದ್ದರ ಸಂಬಳ ಆವತ್ತು ಕೈಗೆ ಬಂತು: ನಾನು ನನ್ನದೇ ದನಿಯಲ್ಲಿ ಮಾತಾಡಿದರೆ ಅದು ಯಾರ ದನಿಯೆಂದು ಜನರಿಗೆ ಗೊತ್ತಾಗಲಿಲ್ಲ.

“ಹಂಗಾದ್ರ ನಿಮ್ಮ ನಿಮ್ಮ ವಾಗ್ದಾನ ತಗೀರಿ,” ಎಂದೆ. “ಬಾಜೂಕ ಇದ್ದವ್ರಿಗೆ ತೋರಸ್ರಿ.”

ಎಲ್ಲರೂ ಅಯ್ಯನವರ ಮುಖ ನೋಡಿದರು. ಅವರು ತಮ್ಮ ಪುಸ್ತಕದಿಂದ ಸುರುಳಿ ತೆಗೆದು, ಬಿಚ್ಚಿ, ಪೀಠದ ಮೇಲಿಟ್ಟರು. ಆ ಒಂದು ಕೆಲಸಕ್ಕಾಗಿ ನಾನು ಅವರ ಚಾವಣಿ ನೋಡುವ ಬಗೆಯನ್ನು ಅಂದಿನಿಂದ ಮಾಡುವುದು ಬಿಟ್ಟಿದ್ದೇನೆ. ಕೈಗಡಿಯಾರದ್ದು ಮಾತ್ರ ಉಳಿಸಿಕೊಂಡಿದ್ದೇನೆ.

ಪುಟಗಳು ಸರಬರ ಅಂದವು. “ನಿಮಗೂ?” “ಅಯ್ಯ, ನಿನಗೂ?” ಕಾರ್ಯದರ್ಶಿಗಳ ಹೆಂಡತಿ ಗಂಡನ ಕಡೆ ತಿರುಗಿ, “ಅಂದ್ರ ಕುರ್ಚಿ ಬಿಡಬ್ಯಾಡ ಅಂತ ದೇವರು ನಿಮಗೊಬ್ಬರಿಗೇ ಹೇಳಿದ್ದಲ್ಲ!” ಎಂದಳು. ಅವ್ವ ಊದಿದ ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ನನ್ನ ಹಲ್ಲುಗಳಿಗೆ ಕ್ಷೇಮವಿರಲಿಲ್ಲ.

ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ. ಆದರೆ ಭಕ್ತರನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಎರಡು ನಿಮಿಷದೊಳಗೆ ಒಬ್ಬರು ಎದ್ದು, “ಇಡೀ ಸಭಾಕ್ಕ ಒಂದೇ ವಚನ! ಇದು ಸಣ್ಣ ಮಾತಲ್ರಿ!” ಎಂದರು. ಇನ್ನೊಬ್ಬರು, “ಹುಡುಗನ ಕೈ ತಪ್ಪಿರಬಹುದು, ದೇವರ ಕೈ ತಪ್ಪತದೇನು?” ಎಂದರು. ಮತ್ತೆ “ಸ್ತೋತ್ರ!” ಎದ್ದಿತು. ಕೆಮಿಸ್ಟನ ತಾಯಿ ಎದ್ದು ನಿಂತು ಕಣ್ಣೊರೆಸಿಕೊಂಡರು. “ಈಗ ನನಗ ಪಕ್ಕಾ ಆತು. ಎಲ್ಲಾರಿಗೂ ಕಾಯ್ರಿ ಅಂದಾನ ಅಂದ್ರ ನಾವು ಕಾಯಲಿಕ್ಕೇ ಬೇಕು. ಮೂರು ವರ್ಷ ಏನ್ ದೊಡ್ಡದಲ್ಲ ತಗೀರಿ.”

ನಿಜ ಹೇಳಿ ನಾನು ಕೆಲಸವನ್ನು ಇನ್ನೂ ಗಟ್ಟಿಯಾಗಿ ಕೆಡಿಸಿದ್ದೆ.

ಆಗ ಫ್ಯಾನಿಲ್ಲದ ಬೆಂಚಿನಿಂದ ಅಕ್ಕ ಎದ್ದಳು. ಬೆವರಿನಿಂದ ಹಣೆಯ ಕೂದಲು ಅಂಟಿತ್ತು. ಕೈಯಲ್ಲಿ ಅವಳ ಸುರುಳಿ. ಕೆಂಪು ದಾರ ನಾನು ಕಟ್ಟಿದ್ದ ಹಾಗೆಯೇ ಇತ್ತು.

“ನಂದು ಇನ್ನಾ ಬಿಚ್ಚಿಲ್ರಿ,” ಎಂದಳು.

“ಐದು ತಿಂಗಳ ಆತಲ್ಲ, ಯಾಕವ್ವಾ?” ಎಂದು ಅಯ್ಯನವರೇ ಕೇಳಿದರು.

“ನನಗ ಏನ್ ಬೇಕೋ ಅದನ್ನ ದೇವರಿಗೆ ಹೇಳೀನ್ರಿ. ಕೊಟ್ರೂ ಅವನ ಇಷ್ಟ, ಬ್ಯಾಡ ಅಂದ್ರೂ ಅವನ ಇಷ್ಟ. ದಿನಾ ಹೇಳಿದ ಮ್ಯಾಲ ಚೀಟ್ಯಾಗ ಏನ್ ಹುಡುಕೂದು ಅಂತ ಬಿಚ್ಚಲಿಲ್ಲ.” ಅಷ್ಟು ಹೇಳಿ ಕೆಮಿಸ್ಟನ ತಾಯಿಯ ಕಡೆ ತಿರುಗಿದಳು. ಪಾಠ ಹೇಳುವಾಗಿನ ದನಿ, ಎತ್ತರವೂ ಇಲ್ಲ, ತಗ್ಗೂ ಇಲ್ಲ. “ಆಂಟಿ, ಕಾಯೂದು ನನಗ ಹೊಸಾದಲ್ಲ. ದೇವರು ಹೇಳಿದ್ರ ಮೂರಲ್ಲ, ಮೂವತ್ತು ವರ್ಷ ಕಾಯ್ತೀನಿ. ಆದ್ರ ದೇವರು ಇನ್ನಾ ಏನೂ ಹೇಳಿಲ್ಲ. ನೀವು ಹೇಳಾಕತ್ತೀರಿ. ಕೇಳಬೇಕಾದವ್ರು ಬಾಯಿ ಮುಚ್ಚಿಕೊಂಡು ಕುಂತ್ರ ಅದಕ್ಕ ಅವನ ಹೆಸರು ಹೇಳಬ್ಯಾಡ್ರಿ.”

ಎಂದು ಹೇಳಿ ಕುಳಿತಳು.

ಆಮೇಲೆ ಗಂಡಸರ ಕಡೆಯಿಂದ ಬಂತು. “ಹ್ಞಂ.”

ಯಾರೂ ಬೇರೆ ಮಾತಿಗೆ ಹೋಗಲಿಲ್ಲ.

“ಹ್ಞ್ಹಂಂ.”

ಅವನ ತಾಯಿ ಏನೋ ಹೇಳಲು ಬಾಯಿ ತೆಗೆದರು. ನಮ್ಮವ್ವ, ಊದಿದ ಕೆನ್ನೆಯ ನಮ್ಮವ್ವ, ಹಿಂದಿನ ಬೆಂಚಿನಿಂದ ಅವರ ಭುಜದ ಮೇಲೆ ಕೈಯಿಟ್ಟು ಒತ್ತಿದಳು. ಈ ಸಲದ ಒತ್ತಿನ ಅರ್ಥ ಇಡೀ ಸಭೆಗೆ ತಿಳಿಯಿತು.

“ಹಂ.” ಕೆಮಿಸ್ಟ್ ಎದ್ದು ನಿಂತಿದ್ದ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಅವನು ನೋಡಿದ್ದು ತಾಯಿಯನ್ನಲ್ಲ, ಅಯ್ಯನವರನ್ನಲ್ಲ, ಫ್ಯಾನಿಲ್ಲದ ಬೆಂಚನ್ನು. “ಫಾರಮಿನ್ಯಾಗ… ಇಬ್ಬರು ಅಂತ ಬರೀಲೇನ್ರಿ?”

“ಬರೀರಿ,” ಎಂದಳು ಅಕ್ಕ.

ಪೆನ್ನು ಇರಲಿಲ್ಲ ಅವನ ಹತ್ತಿರ. ಕಾರ್ಯದರ್ಶಿಗಳು ಕೊಟ್ಟರು. ಆ ವರ್ಷ ಅವರು ಮಾಡಿದ ಮೊದಲ ಕೆಲಸ. ಕೆಮಿಸ್ಟನ ತಾಯಿ ಮಗನನ್ನು ಒಮ್ಮೆ, ಅಕ್ಕನನ್ನು ಒಮ್ಮೆ ನೋಡಿ, ಕುಳಿತುಕೊಳ್ಳುತ್ತ “ದೇವರ ಚಿತ್ತ” ಎಂದರು. ಅದು ಹನ್ನೆರಡನೆಯ ಬಗೆ. ಸೋತದ್ದೂ ಇತ್ತು ಅದರಲ್ಲಿ, ಹಗುರಾದದ್ದೂ ಇತ್ತು. ಮನೆಗೆ ಹೋಗಿ ಎಷ್ಟು ಸಲ ಪ್ರಯತ್ನಿಸಿದರೂ ನನಗೆ ಬರಲಿಲ್ಲ.

ಮರುದಿನ ಅವ್ವ ಹಲ್ಲು ಕೀಳಿಸಿಕೊಂಡಳು. ನನಗೆ ಶಿಕ್ಷೆ ಆಯಿತು: ಮುಂದಿನ ವರ್ಷದ ನೂರಿಪ್ಪತ್ತು ವಾಗ್ದಾನಗಳನ್ನು ಕೈಯಲ್ಲೇ ಬರೆಯಬೇಕು, ಒಂದರಂತೆ ಇನ್ನೊಂದು ಇರಬಾರದು, ಒಂದೊಂದನ್ನೂ ಓದಲೇಬೇಕು.

ಆದರೆ ನಿಜವಾದ ಶಿಕ್ಷೆ ಅದಲ್ಲ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದಬೇಕು. ಅವಸರ ಎಷ್ಟೇ ಇರಲಿ, ಹಿಮಾಚಲವೇ ಬಂದು ಬಾಗಿಲಲ್ಲಿ ನಿಲ್ಲಲಿ, ಮೂರು ಭಾನುವಾರ ಎಂದರೆ ಮೂರು. ವಧುವರರ ಹೆಸರು ಓದಿ ಅಯ್ಯನವರು, “ಈ ಮದುವೆಗೆ ಅಡ್ಡಿ ಇದೆಯೆಂದು ಯಾರಿಗಾದರೂ ಗೊತ್ತಿದ್ದರೆ ಈಗಲೇ ತಿಳಿಸಬೇಕು” ಎಂದು ಕೇಳಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಮೊದಲ ಭಾನುವಾರ ಆ ಗಳಿಗೆಯಲ್ಲಿ ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಅಪ್ಪ ನನ್ನ ತೊಡೆ ಹಿಡಿದುಕೊಂಡ. ಎರಡನೆಯ ಭಾನುವಾರವೂ ಹಾಗೆಯೇ. ಇಪ್ಪತ್ತಮೂರು ವರ್ಷದಲ್ಲಿ ನಾನು ಬಾಯಿ ಮುಚ್ಚಿ ಅಷ್ಟು ಹೊತ್ತು ಕುಳಿತದ್ದಿಲ್ಲ. ದೇವರೇ, ಇದೊಂದು ಗಳಿಗೆ ದಾಟಿಸು ಎಂದು ಬೇಡಿಕೊಂಡೆ. ನನಗೆ ನೆನಪಿರುವ ಮಟ್ಟಿಗೆ, ಯಾರ ದನಿಯನ್ನೂ ಬಳಸದೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ಮೂರನೆಯ ಭಾನುವಾರ ಅಯ್ಯನವರು ಕೇಳಿದರು, ನಿಂತರು. ನಾನು ಕಣ್ಣು ಮುಚ್ಚಿ, ತುಟಿ ಕಚ್ಚಿ ಕುಳಿತೆ. ಆ ನಿಶ್ಶಬ್ದದಲ್ಲಿ ಸ್ಪಷ್ಟವಾಗಿ ಕೇಳಿತು:

“ಹ್ಞಂ.”

ನೂರಿಪ್ಪತ್ತು ತಲೆಗಳು ಸರ್ರನೆ ನನ್ನ ಕಡೆ ತಿರುಗಿದವು. ಅಪ್ಪನ ಕೈ ನನ್ನ ಕಿವಿಗೆ ಬಂತು. ಅಕ್ಕ ಮಾತ್ರ ನನ್ನ ಕಡೆ ತಿರುಗಲಿಲ್ಲ. ಮೂರನೇ ಬೆಂಚಿನಲ್ಲಿ, ಹೊಸದಾಗಿ ತಿರುಗುತ್ತಿದ್ದ ಫ್ಯಾನಿನ ಕೆಳಗೆ, ಸೆರಗು ಸರಿಮಾಡಿಕೊಂಡು ಕೆಮಿಸ್ಟ್ ಕೂರುವ ಜಾಗದ ಕಡೆ ನೋಡಿ ನಗುತ್ತಿದ್ದಳು. ಅವಳೊಬ್ಬಳಿಗೆ ಗೊತ್ತಿತ್ತು, ಈ ಸಲ ಅದು ನಾನಲ್ಲ.